ಕೌಶಿಕದಿಂದ ಗೋಕುಲಂವರೆಗೆ

ನನ್ನ ತಂಗಿಯ ಮಗಳು ಮ್ಯೂನಿಕ್‌ನಲ್ಲಿದ್ದಾಳೆ. ಅಲ್ಲಿಯ ಬೆಳಗಿನ ಹೊತ್ತು ಫೋನ್ ಮಾಡಿದರೆ ಎತ್ತುವುದೇ ಇಲ್ಲ. ಆಮೇಲೆ ತಾನೇ ಮಾಡಿ, ‘ಮೈಸೂರಿಗೆ ಹೋಗಿದ್ದೆ ದೊಡ್ಡಮ್ಮಾ’ ಅನ್ನುತ್ತಾಳೆ. ಆ ಊರಿನ ಯಾವುದೋ ಬೀದಿಯ ಎರಡನೇ ಮಹಡಿಯಲ್ಲಿ ನಡೆಯುವ ಯೋಗದ ತರಗತಿಗೆ ಅವರಿಟ್ಟಿರುವ ಹೆಸರು ‘ಮೈಸೂರು’. ನಮಗೆ ಮೈಸೂರು ಎಂದರೆ ದಸರಾ, ಮಲ್ಲಿಗೆ, ವೀಳ್ಯದೆಲೆ, ಪಾಕ್. ಹೊರದೇಶದ ಅಷ್ಟಾಂಗ ವಿನ್ಯಾಸ ಯೋಗದ ಮಂದಿಗೆ ಅದು ಅಭ್ಯಾಸ ಮಾಡುವ ಒಂದು ರೀತಿ. ಊರನ್ನು ಕಣ್ಣಾರೆ ಕಾಣದವರೂ ದಿನ ಬೆಳಗಾದರೆ ‘ಮೈಸೂರು’ ಮಾಡುತ್ತಾರೆ.

‘ಅದರ ಮೂಲ ನಿಮ್ಮ ಹಾಸನದ ಹತ್ತಿರವೇ ಇದೆಯಂತಲ್ಲ’ ಎಂದು ಅವಳು ಕೆಣಕಿದ್ದಕ್ಕೇ ನಾನು ಹೊರಟಿದ್ದು. ಅವಳು ಹೇಳಿದ ಹಳ್ಳಿ ಕೌಶಿಕ, ಹಾಸನದಲ್ಲೇ ಹುಟ್ಟಿ ಬೆಳೆದ ನನಗೆ ಕಿವಿಗೆ ಬಿದ್ದ ಹೆಸರು, ಅಷ್ಟೆ. ಆಟೋದವನು ಕೇಳಿದ: ‘ಕೌಶಿಕದಲ್ಲಿ ಯಾರ ಮನೆಗಮ್ಮಾ?’

‘ಯಾರ ಮನೆಗೂ ಅಲ್ಲಪ್ಪ. ಊರು ನೋಡಬೇಕು.’

‘ಊರಲ್ಲಿ ನೋಡಕ್ಕೇನಿದೆ?’

ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಮಾರ್ಗಶಿರದ ಬಿಸಿಲು, ಕೊಯ್ದ ರಾಗಿಯ ಹೊಲ, ಒಂದೆರಡು ಮೆದೆ, ಜಗಲಿಯ ಮೇಲೆ ಕಾಲು ಚಾಚಿ ಕೂತ ಮುದುಕಿಯರು. 1915ರ ಜುಲೈ 26ರಂದು, ಗುರುಪೂರ್ಣಿಮೆಯ ದಿನ, ಈ ಯೋಗದ ಗುರು ಕೆ. ಪಟ್ಟಾಭಿ ಜೋಯಿಸರು ಹುಟ್ಟಿದ ಊರು ಇದು. ಹಳ್ಳಿಯಿಂದ ಹಾಸನದ ಶಾಲೆಗೆ ಓದಲು ಬರುತ್ತಿದ್ದ ಆ ಹುಡುಗ, 1927ರಲ್ಲಿ ಒಂದು ದಿನ ಹಾಸನದ ಜ್ಯುಬಿಲಿ ಹಾಲಿನಲ್ಲಿ ಒಬ್ಬರು ಆಸನಗಳನ್ನು ಮಾಡಿ ತೋರಿಸುವುದನ್ನು ನೋಡಿದ. ಒಂದು ಭಂಗಿಯಿಂದ ಇನ್ನೊಂದಕ್ಕೆ ಜಿಗಿಯುವ ಆ ಮೈಕಟ್ಟು ಅವನನ್ನು ಹಿಡಿದುಬಿಟ್ಟಿತು. ಮಾರನೆಯ ದಿನವೇ ಹೋಗಿ ಕಲಿಸಿಕೊಡಿ ಎಂದು ಕೇಳಿಕೊಂಡನಂತೆ.

ಮಾಡಿ ತೋರಿಸಿದವರು ತಿರುಮಲೈ ಕೃಷ್ಣಮಾಚಾರ್ಯರು. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿ, ಮೈಸೂರು, ಕಾಶಿಗಳಲ್ಲಿ ದರ್ಶನಗಳನ್ನು ಓದಿದ ವಿದ್ವಾಂಸರು. ಇಷ್ಟೆಲ್ಲ ಓದಿಯೂ ಹೊಟ್ಟೆಪಾಡಿಗೆ ಆ ಕಾಲದಲ್ಲಿ ಹಾಸನದ ಕಡೆಯ ಕಾಫಿ ತೋಟದಲ್ಲಿ ಕೆಲಸಕ್ಕಿದ್ದರು. ಯೋಗ ಕಲಿಸಿ ಬದುಕಬಹುದು ಎಂದರೆ ಜನ ನಗುತ್ತಿದ್ದ ಕಾಲ ಅದು. ಹಗಲು ತೋಟದಲ್ಲಿ ಆಳು ನೋಡುವ ಪಂಡಿತ, ಬಿಡುವಾದಾಗ ಊರವರೆದುರು ಉಸಿರು ಬಿಗಿಹಿಡಿದು ಮೈ ಮಣಿಸಿ ತೋರಿಸುವ ಯೋಗಿ: ಈ ಎರಡು ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟುಕೊಂಡೇ ನಾನು ಮೈಸೂರಿನ ರೈಲು ಹತ್ತಿದೆ.

ಹಾಸನದಿಂದ ಮೈಸೂರಿಗೆ ಹೋಗುವ ರೈಲಿಗೆ ಅವಸರ ಗೊತ್ತಿಲ್ಲ. ಹೊಳೆನರಸೀಪುರದಲ್ಲಿ ಹೇಮಾವತಿ, ಕೃಷ್ಣರಾಜನಗರ ದಾಟಿದ ಮೇಲೆ ಭತ್ತದ ಗದ್ದೆ, ಸಾಗರಕಟ್ಟೆಯ ಹತ್ತಿರ ಕನ್ನಂಬಾಡಿಯ ಹಿನ್ನೀರು. ಜೋಯಿಸರು 1930ರಲ್ಲಿ, ಕಿಸೆಯಲ್ಲಿ ಎರಡು ರೂಪಾಯಿ ಇಟ್ಟುಕೊಂಡು, ಮನೆಯಲ್ಲಿ ಹೇಳದೆ ಮೈಸೂರಿಗೆ ಓಡಿಬಂದರೆಂದು ಶಿಷ್ಯರು ಹೇಳುತ್ತಾರೆ. ಬಂದದ್ದು ಸಂಸ್ಕೃತ ಓದಲು. ಅಲ್ಲಿಯೇ ಮತ್ತೆ ಸಿಕ್ಕಿದರು ಗುರು. ಮುಂದೆ ಸಂಸ್ಕೃತ ಕಾಲೇಜಿನಲ್ಲೇ 1937ರಿಂದ 1973ರವರೆಗೆ ಅವರು ಯೋಗ ಕಲಿಸಿದರು. ಈ ಕಾಲೇಜಿನ ಮಾತನ್ನು ನೆನಪಿನಲ್ಲಿಡಿ, ಮತ್ತೆ ಬೇಕಾಗುತ್ತದೆ.

ಮೈಸೂರಿನಲ್ಲಿ ಮೊದಲು ಹೋದದ್ದು ಜಗನ್ಮೋಹನ ಅರಮನೆಗೆ. ಎಲ್ಲರಂತೆ ನಾನೂ ಹಿಂದೆಲ್ಲ ಹಲ್ದಣ್‌ಕರ್ ಬಿಡಿಸಿದ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿ ಮರಳಿದವಳೇ. ಈ ಅರಮನೆಯ ಆವರಣದಲ್ಲೇ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕೃಷ್ಣಮಾಚಾರ್ಯರಿಗೆ ಯೋಗಶಾಲೆ ಮಾಡಿಕೊಟ್ಟರು. ಕಲಿಯಲು ಬಂದವರು ಹೆಚ್ಚಾಗಿ ಹುಡುಗರು, ಅರಸು ಮನೆತನದ ಬೋರ್ಡಿಂಗ್ ಹುಡುಗರು ಸೇರಿ. ಹತ್ತು ಹನ್ನೆರಡು ವರ್ಷದ ಹುಡುಗರನ್ನು ಕಣ್ಣು ಮುಚ್ಚಿ ಕೂರಿಸಿದರೆ ಕೂರುತ್ತಾರೆಯೇ? ಜಿಗಿಸಬೇಕು, ನೆಗೆಸಬೇಕು, ದಣಿಸಬೇಕು. ಅದರ ನಡುವೆಯೇ ಮನಸ್ಸು ನಿಲ್ಲುವ ಹಾಗೆ ಏನಾದರೂ ಹಚ್ಚಬೇಕು. ಆ ಹಚ್ಚುವ ಸಾಧನವೇ ಉಸಿರು. ಇಂದು ಜಗತ್ತಿನಾದ್ಯಂತ ನಡುವಯಸ್ಸಿನ ಆಫೀಸು ನೌಕರರು ಮಂಡಿ ಹಿಡಿದುಕೊಂಡು ಮಾಡುವ ಈ ಯೋಗ ಮೊದಲು ಮೈಸೂರಿನ ಹುಡುಗರ ಮೈಗೆ ಹೊಲಿದ ಅಂಗಿ ಎನ್ನುವುದನ್ನು ಮರೆಯಬಾರದು. ಹಾಗೆ ಮರೆತದ್ದರಿಂದಲೇ ಅನೇಕರ ಮಂಡಿಗಳು ಹಾಳಾಗಿವೆ.

ಇದೇ ಶಾಲೆಗೆ ಬಂದ, ಕೋಲಾರ ಕಡೆಯ ಬೆಳ್ಳೂರಿನಲ್ಲಿ ಹುಟ್ಟಿದ, ಕಾಯಿಲೆಗಳಿಂದ ಸೊರಗಿದ್ದ ಇನ್ನೊಬ್ಬ ಹುಡುಗ ಕೃಷ್ಣಮಾಚಾರ್ಯರ ಹೆಂಡತಿಯ ತಮ್ಮ. ಅವನೇ ಮುಂದೆ ಪುಣೆಗೆ ಹೋಗಿ ಬಿ.ಕೆ.ಎಸ್. ಅಯ್ಯಂಗಾರ್ ಎಂದು ಹೆಸರಾದದ್ದು. ಒಬ್ಬ ಗುರು, ಇಬ್ಬರು ಕನ್ನಡದ ಹುಡುಗರು. ಅಯ್ಯಂಗಾರರು ಒಂದೇ ಭಂಗಿಯಲ್ಲಿ ಬಹುಹೊತ್ತು ನಿಂತು ಮೂಳೆ ಕೀಲುಗಳ ಜಾಡು ಹಿಡಿದರು. ಜೋಯಿಸರು ಎಲ್ಲೂ ನಿಲ್ಲದೆ ಉಸಿರಿನ ಬೆನ್ನು ಹತ್ತಿದರು.

ಈ ಪದ್ಧತಿ ಎಲ್ಲಿಂದ ಬಂತು ಎಂಬ ಜಗಳ ಇನ್ನೂ ಮುಗಿದಿಲ್ಲ. ‘ಯೋಗ ಕೊರುಂಟ’ ಎಂಬ ಪ್ರಾಚೀನ ಗ್ರಂಥದಲ್ಲಿ ಇದೆಲ್ಲ ಇತ್ತು, ಆ ತಾಳೆಗರಿಗಳನ್ನು ಇರುವೆ ತಿಂದುಹಾಕಿದವು ಎಂಬುದು ಪರಂಪರೆಯವರು ಹೇಳುವ ಕಥೆ. ಆ ಗ್ರಂಥವನ್ನು ಕಂಡವರು ಯಾರೂ ಸಿಗುವುದಿಲ್ಲ. ನಾರ್ಮನ್ ಶೋಮನ್ ಎಂಬ ವಿದ್ವಾಂಸರು ಮೈಸೂರಿನಲ್ಲಿದ್ದು ಅರಮನೆಯ ಗ್ರಂಥಗಳನ್ನು ಜಾಲಾಡಿ 1996ರಲ್ಲಿ ಒಂದು ಪುಸ್ತಕ ಬರೆದರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಶ್ರೀತತ್ತ್ವನಿಧಿ’ಯಲ್ಲಿರುವ 122 ಆಸನಗಳ ಚಿತ್ರಗಳತ್ತ ಲೋಕದ ಕಣ್ಣು ಹೊರಳಿದ್ದು ಆಗ. ಹಗ್ಗ ಹಿಡಿದು ಮಾಡುವ ಆಸನಗಳೂ ಅದರಲ್ಲಿವೆ. ಅರಮನೆಯ ಕಸರತ್ತಿನ ಪರಂಪರೆಯೂ ಕೃಷ್ಣಮಾಚಾರ್ಯರ ಪಾಠದೊಳಗೆ ಬೆರೆತಿರಬೇಕೆಂದು ಶೋಮನ್ ವಾದಿಸಿದರು. ಮೈಸೂರಿನ ಗರಡಿಮನೆಯ ಮಣ್ಣಿನಲ್ಲಿ ದಂಡ ಹೊಡೆಯುವ ಪೈಲ್ವಾನರನ್ನು ಒಮ್ಮೆ ನೋಡಿ, ಆಮೇಲೆ ಸೂರ್ಯನಮಸ್ಕಾರದ ಚತುರಂಗ ದಂಡಾಸನವನ್ನು ನೋಡಿದವರಿಗೆ ಈ ವಾದ ಅಷ್ಟೇನೂ ವಿಚಿತ್ರ ಅನ್ನಿಸುವುದಿಲ್ಲ. ನನಗಂತೂ ಇರುವೆ ತಿಂದ ತಾಳೆಗರಿಗಿಂತ ಗರಡಿಯ ಬೆವರೇ ಹೆಚ್ಚು ನಂಬಿಕೆಗೆ ತಕ್ಕದ್ದಾಗಿ ಕಾಣುತ್ತದೆ. ಇದರಿಂದ ಗುರುವಿನ ಹಿರಿಮೆ ಏನೂ ಕುಗ್ಗುವುದಿಲ್ಲ. ಹಠಯೋಗದ ಗ್ರಂಥಗಳು, ಅರಮನೆಯ ಅಂಗಸಾಧನೆ, ತನ್ನ ಪಾಂಡಿತ್ಯ ಮೂರನ್ನೂ ಬೆಸೆದು ಹೊಸದೊಂದನ್ನು ಕಟ್ಟುವುದು ಸಣ್ಣ ಕೆಲಸವಲ್ಲ.

ಇರುವೆ ತಿನ್ನದ ಪುಸ್ತಕಗಳು ಮಾತ್ರ ನಮ್ಮ ಭಾಷೆಯಲ್ಲೇ ಇವೆ. ಮಹಾರಾಜರ ಅಪೇಕ್ಷೆಯಂತೆ ಕೃಷ್ಣಮಾಚಾರ್ಯರು ಬರೆದ ‘ಯೋಗ ಮಕರಂದ’ 1934ರಲ್ಲಿ ಅಚ್ಚಾದದ್ದು ಕನ್ನಡದಲ್ಲಿ. 1941ರ ‘ಯೋಗಾಸನಗಳು’ ಕೂಡ ಕನ್ನಡವೇ. ಯಾವ ಆಸನಕ್ಕೆ ಎಷ್ಟು ವಿನ್ಯಾಸ ಎಂಬ ಪಟ್ಟಿ ಅದರಲ್ಲಿದೆ. ಜೋಯಿಸರ ‘ಯೋಗಮಾಲಾ’ 1962ರಲ್ಲಿ ಕನ್ನಡದಲ್ಲಿ ಹೊರಬಂದು, ಇಂಗ್ಲಿಷಿಗೆ ಹೋದದ್ದು 1999ರಲ್ಲಿ. ಮ್ಯೂನಿಕ್‌ನ ಹುಡುಗಿಯರು ಅನುವಾದದಲ್ಲಿ ಓದುವುದನ್ನು ನಾವು ಮೂಲದಲ್ಲೇ ಓದಬಹುದು. ಓದಿದವರು ಎಷ್ಟು ಮಂದಿ ಎಂದು ನನ್ನ ಬಳಗದಲ್ಲಿ ವಿಚಾರಿಸಿ ನೋಡಿದೆ. ಪುಸ್ತಕದ ಹೆಸರು ಕೇಳಿದವರೇ ಇರಲಿಲ್ಲ.

ಮೈಸೂರಿನಲ್ಲಿ ಈ ಯೋಗ ಕಲಿಯಲು ಬಂದವರು ಸೇರುವ ಗೋಕುಲಂ ಬಡಾವಣೆಯಲ್ಲಿ ಬೆಳಕು ಹರಿಯುವ ಮುಂಚೆಯೇ ಬೀದಿಗೆ ಜೀವ ಬರುತ್ತದೆ. ಹಾಲಿನ ವ್ಯಾನು, ರಂಗೋಲಿ ಹಾಕುವ ಹೆಂಗಸರು, ಅವರ ನಡುವೆ ಸುರುಳಿ ಸುತ್ತಿದ ಚಾಪೆಯನ್ನು ಹೆಗಲಿಗೇರಿಸಿಕೊಂಡು ಸ್ಕೂಟರಿನಲ್ಲಿ ಹೋಗುವ ಜಪಾನಿನವರು, ಬ್ರೆಜಿಲಿನವರು, ರಷ್ಯದವರು. ದೊಡ್ಡ ಶಾಲೆಗಳಲ್ಲಿ ತಿಂಗಳ ಲೆಕ್ಕದಲ್ಲಿ, ಮುಂಚೆಯೇ ಅರ್ಜಿ ಹಾಕಿ ಬರಬೇಕು. ನನಗೆ ಅಷ್ಟೆಲ್ಲ ಆಗದ ಕಾರಣ ಪರಿಚಯದವರ ಮೂಲಕ ಒಂದು ಮನೆಯ ಮಹಡಿಯಲ್ಲಿ ಕಲಿಸುವ ಮೈಸೂರಿನ ಹೆಣ್ಣುಮಗಳೊಬ್ಬಳನ್ನು ಹುಡುಕಿಕೊಂಡೆ. ಮೂವತ್ತು ದಾಟಿದ ವಯಸ್ಸಿರಬೇಕು. ‘ಬನ್ನಿ ಅಮ್ಮಾ, ಕಾಫಿ ಕುಡಿದಿಲ್ಲ ತಾನೆ?’ ಎಂಬುದೇ ಮೊದಲ ಮಾತು. ಹೊಟ್ಟೆ ಬರಿದಾಗಿರಬೇಕು ಎಂಬುದು ನಿಯಮ. ಹಾಸನದ ಕಾಫಿಯವಳಿಗೆ ಇದು ಚತುರಂಗ ದಂಡಾಸನಕ್ಕಿಂತ ಕಷ್ಟ.

ಕೋಣೆಯಲ್ಲಿ ಕನ್ನಡಿ ಇಲ್ಲ, ಹಾಡಿಲ್ಲ. ಹತ್ತು ಹನ್ನೆರಡು ಜನ ತಮ್ಮ ತಮ್ಮ ಪಾಡಿಗೆ ಬೇರೆ ಬೇರೆ ಆಸನಗಳಲ್ಲಿದ್ದಾರೆ. ಕೇಳುವುದು ಒಂದೇ ಸದ್ದು, ಎಲ್ಲರ ಮೂಗಿನಿಂದ ಏರಿಳಿಯುವ ಉಸಿರು. ಗಂಟಲನ್ನು ಒಂದಿಷ್ಟೇ ಬಿಗಿದು ಮೂಗಿನಲ್ಲಿ ಉಸಿರಾಡಿದರೆ ಹೀಗೆ ಮೆಲ್ಲಗೆ ಮೊರೆಯುವ ಸದ್ದು ಬರುತ್ತದೆ. ಒಳಗೆ ಹೋದಷ್ಟೇ ಹೊತ್ತು ಹೊರಗೂ ಬರಬೇಕು. ಈ ಸದ್ದು ಅಲಂಕಾರಕ್ಕೆ ಇರುವುದಲ್ಲ, ಅಳತೆಗೋಲು. ಸದ್ದು ತುಂಡಾಯಿತೋ, ನೀವು ನಿಮ್ಮ ಶಕ್ತಿ ಮೀರಿ ಹೋಗುತ್ತಿದ್ದೀರಿ ಎಂದರ್ಥ. ಕಲಿಸುವವರಿಗೆ ಅದು ದೂರದಿಂದಲೇ ತಿಳಿಯುತ್ತದೆ. ನಾನು ಬಗ್ಗಿದಲ್ಲೇ ಹಲ್ಲು ಕಚ್ಚಿಕೊಂಡಿದ್ದಾಗ ಆಕೆ ಕೋಣೆಯ ಆ ಮೂಲೆಯಿಂದಲೇ, ‘ಅಮ್ಮಾ, ಸದ್ದೇ ಕೇಳಿಸ್ತಿಲ್ಲವಲ್ಲ’ ಎಂದಳು.

ಮೊದಲ ಪಾಠ ಸೂರ್ಯನಮಸ್ಕಾರ. ನಾವು ಶಾಲೆಯ ಡ್ರಿಲ್ಲಿನಲ್ಲಿ ಸೀಟಿಗೆ ತಕ್ಕಂತೆ ಮಾಡಿದ್ದೇ, ಆದರೆ ಇಲ್ಲಿ ಸೀಟಿಯ ಜಾಗದಲ್ಲಿ ಉಸಿರಿದೆ. ಲೆಕ್ಕ ಸಂಸ್ಕೃತದಲ್ಲಿ. ಏಕಂ ಎಂದಾಗ ಉಸಿರೆಳೆದುಕೊಳ್ಳುತ್ತ ಕೈ ಮೇಲೆತ್ತಿ ಹೆಬ್ಬೆರಳು ನೋಡಬೇಕು. ದ್ವೇ, ಬಿಡುತ್ತ ಬಗ್ಗಬೇಕು. ತ್ರೀಣಿ, ಎಳೆದುಕೊಳ್ಳುತ್ತ ತಲೆ ಮಾತ್ರ ಎತ್ತಬೇಕು. ಚತ್ವಾರಿ, ಬಿಡುತ್ತ ಹಿಂದಕ್ಕೆ ನೆಗೆದು ನೆಲಕ್ಕೆ ಸಮವಾಗಿ ಕೈಕಾಲ ಮೇಲೆ ನಿಲ್ಲಬೇಕು. ಪಂಚ, ಎಳೆದುಕೊಳ್ಳುತ್ತ ಎದೆ ಎತ್ತಬೇಕು. ಷಟ್, ಬಿಡುತ್ತ ಸೊಂಟ ಮೇಲಕ್ಕೆ, ತಲೆ ಕೆಳಕ್ಕೆ. ಇಲ್ಲಿ ಐದು ಉಸಿರಿನಷ್ಟು ಕಾಲ ನಿಲುಗಡೆ. ಸಪ್ತದಲ್ಲಿ ಮುಂದಕ್ಕೆ ನೆಗೆತ, ಅಷ್ಟೌನಲ್ಲಿ ಬಾಗುವುದು, ನವದಲ್ಲಿ ಮತ್ತೆ ಕೈ ಮೇಲಕ್ಕೆ. ಒಂಬತ್ತು ಚಲನೆ, ಒಂಬತ್ತು ಉಸಿರು. ಇದನ್ನೇ ವಿನ್ಯಾಸ ಎನ್ನುವುದು. ಎರಡನೆಯ ಬಗೆಯ ಸೂರ್ಯನಮಸ್ಕಾರಕ್ಕೆ ಹದಿನೇಳು.

ಮೈ ಅರಳುವಾಗ, ಏಳುವಾಗ ಉಸಿರು ಒಳಕ್ಕೆ. ಮಡಿಚುವಾಗ, ತಿರುಚುವಾಗ ಹೊರಕ್ಕೆ. ಹೊಟ್ಟೆ ಒತ್ತಿಕೊಂಡಿರುವಾಗ ಎದೆ ಹಿಗ್ಗಲು ಜಾಗವಿಲ್ಲ. ಆದ್ದರಿಂದ ಇದು ಯಾರೋ ಹೇರಿದ ಶಿಸ್ತಲ್ಲ, ಮೈಯೇ ಕೇಳುವ ಕ್ರಮ. ಇದರ ಜೊತೆಗೆ ಕಣ್ಣಿಗೂ ಕೆಲಸ ಉಂಟು. ಒಂದೊಂದು ಭಂಗಿಯಲ್ಲಿ ನೋಟ ಒಂದೊಂದು ಕಡೆ ನೆಡಬೇಕು: ಮೂಗಿನ ತುದಿ, ಹುಬ್ಬಿನ ನಡು, ಹೊಕ್ಕುಳು, ಅಂಗೈ, ಕಾಲ್ಬೆರಳು ಹೀಗೆ ಒಂಬತ್ತು ದೃಷ್ಟಿಗಳು. ಕಿಬ್ಬೊಟ್ಟೆಯನ್ನು ಒಳಗೆಳೆದು ಹಿಡಿಯುವ ಬಂಧಗಳೂ ಇವೆ. ಅವು ಮೊದಲ ದಿನಕ್ಕೆ ಬಗ್ಗುವ ಸಂಗತಿಗಳಲ್ಲ. ಲೆಕ್ಕ, ಉಸಿರು, ನೋಟ ಮೂರನ್ನೂ ಸಂಭಾಳಿಸುತ್ತ ಇದ್ದವಳಿಗೆ ಹಾಸನದ ಮನೆಯ ನಲ್ಲಿ ಸೋರುತ್ತಿದ್ದದ್ದು, ಪಿಂಚಣಿಯ ಕಾಗದ ಯಾವುದೂ ಆ ಅರ್ಧ ಗಂಟೆ ತಲೆಗೆ ಬರಲಿಲ್ಲ. ಅರಮನೆಯ ಹುಡುಗರ ಮನಸ್ಸು ಹಿಡಿಯಲು ಹೂಡಿದ ಉಪಾಯ ಅರವತ್ತರ ಹತ್ತಿರದವಳ ಮೇಲೂ ನಡೆಯಿತು.

ಐದು ಸುತ್ತು ಆಯಿತು, ಬೆನ್ನಲ್ಲಿ ಬೆವರು ಇಳಿಯಿತು. ಟವೆಲಿಗೆ ಕೈ ಹಾಕಿದರೆ ಪಕ್ಕದ ಹುಡುಗ ಬೆವರನ್ನು ಮೈಗೇ ತಿಕ್ಕಿಕೊಳ್ಳುತ್ತಿದ್ದ. ‘ಯೋಗಮಾಲಾ’ದಲ್ಲಿ ಇರುವುದೂ ಹಾಗೆಯೇ. ಮುಂದೇನು ಎಂದು ನೋಡುತ್ತಿದ್ದಂತೆ ಆಕೆ ಬಂದು, ‘ಇವತ್ತಿಗೆ ಇಷ್ಟೇ ಅಮ್ಮಾ. ನಾಳೆ ಇದನ್ನೇ ನೆನಪಿನಿಂದ ಮಾಡಿ ತೋರಿಸಿ, ಆಮೇಲೆ ಮುಂದಿನದು’ ಎಂದಳು. ಪಕ್ಕದ ಹುಡುಗ ಮರೀಚ್ಯಾಸನದ ನಾಲ್ಕನೆಯ ಬಗೆಯಲ್ಲಿ ಸಿಕ್ಕಿಕೊಂಡಿದ್ದ. ಒಂದು ಕಾಲು ಅರ್ಧ ಪದ್ಮದಲ್ಲಿ, ಇನ್ನೊಂದು ಮಂಡಿ ಮೇಲಕ್ಕೆ, ಮೈ ತಿರುಚಿ ಬೆನ್ನ ಹಿಂದೆ ಕೈ ಕಟ್ಟಬೇಕು. ಅದು ಆಗುವವರೆಗೆ ಅವನಿಗೆ ಮುಂದಿನ ಆಸನ ಇಲ್ಲ. ಆಸನಗಳ ಮೊದಲ ಸರಣಿಗೆ ಯೋಗ ಚಿಕಿತ್ಸಾ ಎಂದು ಹೆಸರು, ಎರಡನೆಯದು ನಾಡೀ ಶೋಧನ, ಅದರಾಚೆಗಿನವು ಸ್ಥಿರ ಭಾಗ. ಹೆಚ್ಚಿನವರ ಆಯುಷ್ಯಕ್ಕೆ ಮೊದಲನೆಯದೇ ಸಾಕು.

ಈ ರೀತಿಯನ್ನೇ ಹೊರಗಿನವರು ಮೈಸೂರು ಎನ್ನುವುದು. ಒಂದೇ ಕೋಣೆ, ಪ್ರತಿಯೊಬ್ಬರಿಗೂ ಬೇರೆ ಪಾಠ. ಕೊಟ್ಟಷ್ಟನ್ನು ಗಟ್ಟಿ ಮಾಡಿದವರಿಗೆ ಮುಂದಿನ ತುಣುಕು. ಗುರು ಸುಮ್ಮನೆ ಓಡಾಡುತ್ತ ತಪ್ಪಿದಲ್ಲಿ ತಿದ್ದುವುದು. ಅವರಿಗೆ ಇದು ಅಪೂರ್ವ ಆವಿಷ್ಕಾರ. ನನಗೆ ಕಂಡದ್ದು ನಮ್ಮ ಅಜ್ಜನ ಮನೆಯ ಜಗಲಿ. ವೇದಪಾಠಕ್ಕೆ ಬರುತ್ತಿದ್ದ ಹುಡುಗರಲ್ಲಿ ಒಬ್ಬ ವೇದದ ಒಂದು ತುಣುಕಿನಲ್ಲಿ, ಇನ್ನೊಬ್ಬ ಮತ್ತೊಂದರಲ್ಲಿ. ಸಂಥೆ ಹೇಳಿಸಿಕೊಂಡದ್ದು ಬಾಯಿಗೆ ಬಾರದೆ ಮುಂದಿನದು ಇಲ್ಲ. ಸ್ವರ ತಪ್ಪಿದರೆ ಅಜ್ಜ ಒಳಗಿಂದಲೇ ಗದರುತ್ತಿದ್ದ. ಸಂಸ್ಕೃತ ಕಾಲೇಜಿನಲ್ಲಿ ಓದಿ, ಅಲ್ಲೇ ಮೂರೂವರೆ ದಶಕ ಕಲಿಸಿದ ಜೋಯಿಸರು ಮಂತ್ರವನ್ನು ಒಪ್ಪಿಸುವಂತೆ ಮೈಯನ್ನೂ ಒಪ್ಪಿಸಬಹುದು ಎಂದು ಕಂಡುಕೊಂಡಿರಬೇಕು. ಆಸನಗಳು ಎಲ್ಲಿಂದಲೇ ಬಂದಿರಲಿ, ಕಲಿಸುವ ಕ್ರಮ ಪಾಠಶಾಲೆಯದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹುಣ್ಣಿಮೆ ಅಮಾವಾಸ್ಯೆಗಳಂದು ಅಭ್ಯಾಸ ಇಲ್ಲ ಎಂಬ ನಿಯಮಕ್ಕೆ ಪುಸ್ತಕಗಳಲ್ಲಿ ಚಂದ್ರ, ಶರೀರದ ನೀರು ಎಂದೆಲ್ಲ ವಿವರಣೆ ಕೊಡುತ್ತಾರೆ. ಪಾಠಶಾಲೆಗಳಲ್ಲಿ ಆ ದಿನಗಳು ಅನಧ್ಯಯನ, ಎಂದರೆ ಪಾಠಕ್ಕೆ ರಜೆ. ಇಷ್ಟು ಗೊತ್ತಿದ್ದವರಿಗೆ ಚಂದ್ರನವರೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ.

ಜೋಯಿಸರ ಹಳೆಯ ಮನೆ ಇದ್ದದ್ದು ಮೈಸೂರಿನ ಲಕ್ಷ್ಮೀಪುರಂನಲ್ಲಿ. 1948ರಲ್ಲಿ ಜೋಯಿಸರು ತಮ್ಮ ಅಷ್ಟಾಂಗ ಯೋಗ ಸಂಶೋಧನಾ ಸಂಸ್ಥೆ ಆರಂಭಿಸಿದ್ದು ಅಲ್ಲಿ. ಒಮ್ಮೆಗೆ ಹನ್ನೆರಡು ಚಾಪೆ ಹಿಡಿಯುವಷ್ಟು ಜಾಗ. ಉಳಿದವರು ಮೆಟ್ಟಿಲ ಮೇಲೆ ಕಾಯಬೇಕು. 1964ರಲ್ಲಿ ಬೆಲ್ಜಿಯಂನ ಆಂದ್ರೆ ವಾನ್ ಲೀಸ್ಬೆತ್ ಬಂದು ಕಲಿತು ಹೋಗಿ ಪುಸ್ತಕ ಬರೆದದ್ದೇ, ಯುರೋಪಿನವರಿಗೆ ವಿಳಾಸ ಸಿಕ್ಕಿತು. ಎಪ್ಪತ್ತರ ದಶಕದ ಆರಂಭದಲ್ಲಿ ಅಮೆರಿಕದ ತರುಣರು ಬಂದರು. 1975ರಲ್ಲಿ ಜೋಯಿಸರೇ ಮಗ ಮಂಜು ಜೊತೆ ಕ್ಯಾಲಿಫೋರ್ನಿಯಾದ ಎನ್ಸಿನೀಟಸ್‌ಗೆ ಹೋದರು. ಜನ ಹೆಚ್ಚಾದಂತೆ ಶಾಲೆ ಗೋಕುಲಂಗೆ ಬಂತು. ಕೌಶಿಕದ ಅಗ್ರಹಾರದ ಹುಡುಗ, ಮಡೋನ್ನಾ ಮತ್ತು ಸ್ಟಿಂಗ್ ಅಭ್ಯಾಸ ಮಾಡಿದ ಯೋಗದ ಗುರುವಾಗಿ, 2009ರ ಮೇ 18ರಂದು ಮೈಸೂರಿನಲ್ಲೇ ತೀರಿಕೊಂಡರು. ಮುಂದುವರಿಸಿದ ಮೊಮ್ಮಗ ಶರತ್ 2024ರ ನವೆಂಬರಿನಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಬೆಟ್ಟದ ಹಾದಿಯಲ್ಲಿ ನಡೆಯುತ್ತಿದ್ದಾಗ ಕುಸಿದು ಹೋದರು. ಐವತ್ತಮೂರು ವರ್ಷ, ಸಾಯುವ ವಯಸ್ಸಲ್ಲ.

ಈ ಕಥೆಯನ್ನು ಇಷ್ಟಕ್ಕೇ ನಿಲ್ಲಿಸಿದರೆ ಚೆಂದ ಕಾಣುತ್ತದೆ, ನ್ಯಾಯವಾಗುವುದಿಲ್ಲ. ಜೋಯಿಸರು ಆಸನ ತಿದ್ದುವಾಗ ತಮ್ಮ ಮೈಯನ್ನು ಅಸಭ್ಯವಾಗಿ ಮುಟ್ಟಿದ್ದರೆಂದು ಅವರ ಹಲವು ವಿದೇಶಿ ಶಿಷ್ಯೆಯರು, ಅವರು ತೀರಿಕೊಂಡ ಮೇಲೆ, ಬಹಿರಂಗವಾಗಿ ಹೇಳಿದರು. 2019ರಲ್ಲಿ ಶರತ್ ಸಾರ್ವಜನಿಕವಾಗಿ ಇದರ ಬಗ್ಗೆ ವಿಷಾದ ಸೂಚಿಸಿದರು. ಅಂಥ ತಿದ್ದುವಿಕೆಯನ್ನು ತಾನೂ ಕಂಡದ್ದುಂಟು ಎಂದು ಒಪ್ಪಿಕೊಂಡರು. ಇದನ್ನು ಮೈಸೂರಿನಲ್ಲಿ ಎತ್ತಿದರೆ ಕೆಲವರು ಮುಖ ತಿರುಗಿಸುತ್ತಾರೆ. ನನಗೆ ಕಲಿಸಿದವಳು ತಿರುಗಿಸಲಿಲ್ಲ. ‘ಮುಟ್ಟೋ ಮುಂಚೆ ಕೇಳಬೇಕು ಅಮ್ಮಾ. ಬೇಡ ಅಂದರೆ ಬಾಯಲ್ಲಿ ಹೇಳಿಕೊಟ್ಟರಾಯ್ತು’ ಎಂದಳು. ಗುರುವಿನ ಪಾದದಲ್ಲಿ ತಲೆ ಇಡುವುದನ್ನು ಹೊರಗಿನವರಿಗೆ ಕಲಿಸಿದ ನಾವು, ಗುರುವನ್ನೂ ಪ್ರಶ್ನೆ ಕೇಳಬಹುದು ಎಂಬುದನ್ನು ಕಲಿಸಿದ್ದೆವೇ? ಆ ಹೆಂಗಸರು ಮಾತಾಡಿದ್ದರಿಂದ ಈ ಯೋಗಕ್ಕೆ ಒಳ್ಳೆಯದೇ ಆಗಿದೆ ಎಂದು ನನ್ನ ಅಭಿಪ್ರಾಯ.

ತರಗತಿ ಮುಗಿದ ಮೇಲೆ ಎಲ್ಲರೂ ಸೇರುವುದು ಎಳನೀರಿನ ಗಾಡಿಯ ಹತ್ತಿರ. ‘ಗಂಜಿ ಇರೋದಾ, ನೀರಿರೋದಾ?’ ಎಂದು ಆತ ಕನ್ನಡದಲ್ಲಿ ಕೇಳಿದರೆ ಬಿಳಿಯ ಹುಡುಗಿಯರು ‘ಗಂಜಿ, ಗಂಜಿ’ ಎನ್ನುತ್ತಾರೆ. ಎಷ್ಟು ವರ್ಷದಿಂದ ಇವರನ್ನು ನೋಡುತ್ತಿದ್ದೀರಿ, ನೀವೇನಾದರೂ ಯೋಗ ಮಾಡಿದ್ದೀರಾ ಎಂದು ಕೇಳಿದೆ. ಮಚ್ಚು ಬೀಸುವುದನ್ನು ನಿಲ್ಲಿಸದೆ, ‘ದಿನಾ ಬೆಳಗ್ಗೆ ಲೋಡು ಇಳಿಸ್ತೀನಲ್ಲ ಮೇಡಂ, ಇನ್ನೇನು ಯೋಗ!’ ಎಂದ.

ಆ ಮಾತಿಗೆ ನಕ್ಕದ್ದು ನಿಜ. ಆದರೆ ಬೆವರು ಸುರಿಸುವವರೆಲ್ಲ ಉಸಿರನ್ನು ಗಮನಿಸುವುದಿಲ್ಲ ಎಂಬುದೂ ನಿಜ. ಜಿಮ್ಮಿಗೂ ಇದಕ್ಕೂ ಇರುವ ಅಂತರ ಅಷ್ಟೇ. ಬಳುಕುವ ಮೈಯ ಫೋಟೊಗಳನ್ನು ನೋಡಿ ಹೆದರಿ ದೂರ ನಿಂತ ನನ್ನ ವಯಸ್ಸಿನವರಿಗೆ ಹೇಳಬೇಕಾದದ್ದೂ ಇದನ್ನೇ. ಆ ಫೋಟೊಗಳು ಈ ಯೋಗದ ಅತಿ ಸಣ್ಣ ಭಾಗ. ಐದು ಸೂರ್ಯನಮಸ್ಕಾರವನ್ನು ಉಸಿರು ತುಂಡಾಗದಂತೆ ಮಾಡಲು ಬಂದರೆ ಮುಖ್ಯವಾದದ್ದು ಕೈಗೆ ಬಂದ ಹಾಗೆಯೇ.

ಹೋಗುವವರಿಗೆ ಕೆಲವು ಮಾತು. ಮೊದಲು ‘ಯೋಗಮಾಲಾ’ವನ್ನು ಕನ್ನಡದಲ್ಲೇ ಓದಿ. ರಕ್ತದೊತ್ತಡ, ಮಂಡಿನೋವು, ಬೆನ್ನುನೋವು ಇದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳಿಕೊಂಡು, ಕಲಿಸುವವರಿಗೂ ಮೊದಲೇ ತಿಳಿಸಿ. ಪದ್ಮಾಸನಕ್ಕೆ ಸೊಂಟದ ಕೀಲು ತಿರುಗಬೇಕೇ ಹೊರತು ಮಂಡಿಯಲ್ಲ. ನೋಯುತ್ತಿರುವಾಗ ಯಾರಾದರೂ ಒತ್ತಿದರೆ ಬೇಡ ಎನ್ನಿ. ತೀರ ದೊಡ್ಡ ಹೆಸರಿನ ಶಾಲೆಯೇ ಆಗಬೇಕೆಂದಿಲ್ಲ, ಗೋಕುಲಂನ ಮಹಡಿಗಳಲ್ಲಿ ಕನ್ನಡದಲ್ಲಿ ಹೇಳಿಕೊಡುವವರು ಸಿಗುತ್ತಾರೆ. ಪಂಚಾಂಗ ನೋಡಿಕೊಂಡು ರೈಲು ಹತ್ತಿ: ಶನಿವಾರ, ಹುಣ್ಣಿಮೆ, ಅಮಾವಾಸ್ಯೆಗಳಂದು ಸಾಮಾನ್ಯವಾಗಿ ಬಾಗಿಲು ಹಾಕಿರುತ್ತದೆ.